ಇಂಗ್ಲೆಂಡಿನಲ್ಲಿ ಹಳೇ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ ನಾಲ್ಕು ಕಾರುಗಳ ಎಂಒಟಿ ಜಾತಕ

ಹೋದ ತಿಂಗಳು ರೆಡಿಂಗ್‌ನಲ್ಲಿರುವ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ನಾಲ್ಕು ಜಾಹೀರಾತು ಕಳಿಸಿದ. ಒಂದು ಮಾಜ್ದಾ ಎಂಎಕ್ಸ್-5, ಒಂದು ಗಾಲ್ಫ್ ಜಿಟಿಐ, ಒಂದು ಹೋಂಡಾ ಸಿವಿಕ್ ಟೈಪ್ ಆರ್, ಒಂದು ಪೋರ್ಷೆ ಬಾಕ್ಸ್‌ಸ್ಟರ್. ನಾಲ್ಕೂ ಹದಿನೈದು ವರ್ಷ ದಾಟಿದವು. ನಾಲ್ಕರಲ್ಲೂ ಒಂದೇ ಸಾಲು: "12 ತಿಂಗಳ ಎಂಒಟಿ ಇದೆ." ಎಂಒಟಿ ಅಂದರೆ ಕಾರು ರಸ್ತೆಯಲ್ಲಿ ಓಡಲು ಯೋಗ್ಯವೋ ಇಲ್ಲವೋ ಅಂತ ಇಲ್ಲಿ ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆ. ಕೆಳಗೆ ಅವನ ಪ್ರಶ್ನೆ: "ಯಾವುದು ತಗೊಳ್ಳಲಿ?"

ನಾನು ಫೋಟೋ ನೋಡಲೇ ಇಲ್ಲ. ನಂಬರ್ ಪ್ಲೇಟ್ ಮಾತ್ರ ಕೇಳಿದೆ. ಅರ್ಧ ಗಂಟೆಯಲ್ಲಿ ಎರಡನ್ನು ಕೈಬಿಟ್ಟೆವು. ಮನೆಯಿಂದ ಹೊರಗೆ ಕಾಲಿಡಲಿಲ್ಲ, ಒಂದು ಪೌಂಡ್ ಖರ್ಚಾಗಲಿಲ್ಲ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದು ನೆಲೆಸಿ, ಒಂದು ಒಳ್ಳೆ ಓಡುವ ಕಾರು ಇಟ್ಟುಕೊಳ್ಳಬೇಕು ಅಂತ ಆಸೆಪಡುವ ನಮ್ಮವರು ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ.

ನಮ್ಮೂರಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ಆರ್‌ಸಿ ಇರುತ್ತದೆ. ಆಮೇಲೆ ಆರ್‌ಟಿಒಗೆ ಹೋಗಿ ಎಫ್‌ಸಿ ಮಾಡಿಸಿದರೆ ಮತ್ತೆ ಐದು ವರ್ಷ. ಪ್ರತಿ ವರ್ಷ ಪರೀಕ್ಷೆ ಅನ್ನುವುದು ಹಳೇ ಟ್ಯಾಕ್ಸಿ, ಲಾರಿಯವರಿಗೆ ಮಾತ್ರ ಗೊತ್ತಿರುವ ಕಷ್ಟ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಆಗಲೇಬೇಕು. ಉತ್ತರ ಐರ್ಲೆಂಡಿನಲ್ಲಿ ನಾಲ್ಕು ವರ್ಷಕ್ಕೆ ಶುರು. 1960ರಲ್ಲಿ ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಇದನ್ನು ತಂದಾಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಇತ್ತು. ಹೆಸರು ಅಲ್ಲಿಂದಲೇ ಬಂದದ್ದು. ಇವತ್ತು ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್.

ನಮಗೆ ಇದರಲ್ಲಿ ಸಿಗುವ ದೊಡ್ಡ ಲಾಭ ಅಂದರೆ ದಾಖಲೆ. ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ 2005ರಿಂದ ಈಚೆಗಿನ ಎಲ್ಲ ಪರೀಕ್ಷೆಗಳೂ ಬರುತ್ತವೆ. ಯಾವತ್ತು ಪಾಸಾಯಿತು, ಯಾವತ್ತು ಫೇಲ್ ಆಯಿತು, ಯಾಕೆ, ಅವತ್ತು ಎಷ್ಟು ಮೈಲಿ ಓಡಿತ್ತು, ಎಲ್ಲ. ದುಡ್ಡಿಲ್ಲ, ಲಾಗಿನ್ ಇಲ್ಲ, ಮಾಲೀಕನ ಒಪ್ಪಿಗೆಯೂ ಬೇಡ. ಹದಿನೈದು ವರ್ಷದ ಕಾರು ಅಂದರೆ ಹನ್ನೆರಡು ಹದಿಮೂರು ಪರೀಕ್ಷೆಗಳ ಕಥೆ. ಹೆಣ್ಣು ಗಂಡಿನ ಜಾತಕ ಇಷ್ಟು ವಿವರವಾಗಿ ಇರುವುದಿಲ್ಲ!

ಪಾಸ್ ಅನ್ನುವ ಪದಕ್ಕೆ ಮಾರುಹೋಗಬೇಡಿ

"ಈ ಮಾಡೆಲ್ ಎಂಒಟಿಯಲ್ಲಿ ಜಾಸ್ತಿ ಪಾಸ್ ಆಗುತ್ತೆ" ಅಂತ ಜನ ಹೇಳುವುದುಂಟು. ಸಾಮಾನ್ಯ ಕಾರಿಗೆ ಆ ಲೆಕ್ಕದಿಂದ ಸ್ವಲ್ಪ ಉಪಯೋಗ ಇದೆ. ಸ್ಪೋರ್ಟ್ಸ್ ಕಾರಿಗೆ ಅದನ್ನು ನಂಬಲು ಆಗುವುದಿಲ್ಲ. ಬಾಕ್ಸ್‌ಸ್ಟರ್ ಇಟ್ಟುಕೊಂಡವರು ಬಹಳ ಮಂದಿ ಅದನ್ನು ವಾರಾಂತ್ಯಕ್ಕೆ ಮಾತ್ರ ಹೊರಗೆ ತೆಗೆಯುತ್ತಾರೆ. ಪರೀಕ್ಷೆಗೆ ಮುಂಚೆ ಮೆಕ್ಯಾನಿಕ್ ಹತ್ತಿರ ತೋರಿಸಿ, ಸರಿಮಾಡಿಸಿಯೇ ಕಳಿಸುತ್ತಾರೆ. ಹಳೇ ಹ್ಯಾಚ್‌ಬ್ಯಾಕ್ ಕಾರು ದಿನಾ ಕೆಲಸಕ್ಕೆ ಓಡುತ್ತದೆ, ಬಲ್ಬ್ ಹೋದದ್ದೂ ಮಾಲೀಕನಿಗೆ ಗೊತ್ತಿರುವುದಿಲ್ಲ. ಅಲ್ಲಿಗೆ ಆ ಶೇಕಡಾವಾರು ಲೆಕ್ಕ ಅಳೆಯುವುದು ಕಾರನ್ನಲ್ಲ, ಮಾಲೀಕರನ್ನು.

ಹಾಗಾಗಿ ನಾನು ನೋಡುವುದು ಎರಡೇ. ಈ ಮಾಡೆಲ್ ಫೇಲ್ ಆಗುವಾಗ ಯಾವುದರಲ್ಲಿ ಫೇಲ್ ಆಗುತ್ತದೆ? ಟೈರು, ಬುಶ್ (ಕೀಲುಗಳಲ್ಲಿ ಕೂರುವ ರಬ್ಬರ್), ಸ್ಪ್ರಿಂಗ್ ಥರದ ಬದಲಿಸಬಹುದಾದ ಸಾಮಾನಿನಲ್ಲೋ, ಬಾಡಿಯ ತಗಡಿನಲ್ಲೋ? ಎರಡನೆಯದು, ಈ ಒಂದು ಕಾರಿನ ಮಾಲೀಕ ಟೆಸ್ಟರ್ ಹೇಳಿದ ಮಾತು ಕೇಳಿದನೋ ಇಲ್ಲವೋ?

ಎರಡನೆಯದಕ್ಕೆ ಉತ್ತರ ಅಡ್ವೈಸರಿಗಳಲ್ಲಿ ಇರುತ್ತದೆ. ಅಡ್ವೈಸರಿ ಅಂದರೆ "ಈ ವರ್ಷಕ್ಕೆ ನಡೆಯುತ್ತೆ, ಆದರೆ ಗಮನ ಇರಲಿ" ಅಂತ ಟೆಸ್ಟರ್ ಬರೆದಿಡುವ ಮಾತು. 2018ರ ಮೇ 20ರಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸುತ್ತಾರೆ. ಮೊದಲ ಎರಡು ಬಂದರೆ ಫೇಲ್. ಮೈನರ್ ಬಂದರೆ ಪಾಸ್, ಆದರೆ ಬೇಗ ಸರಿಮಾಡಿಸಬೇಕು. ಅಡ್ವೈಸರಿ ಇವುಗಳ ಕೆಳಗೆ ಬರುತ್ತದೆ.

ಒಂದು ದಾಖಲೆ ಹೀಗಿದೆ ಅಂದುಕೊಳ್ಳಿ. ಒಂದು ವರ್ಷ "ನಿಯರ್‌ಸೈಡ್ ಮುಂದಿನ ಟೈರು ಮಿತಿಗೆ ಹತ್ತಿರ ಸವೆದಿದೆ" ಅಂತ ಅಡ್ವೈಸರಿ. ಮುಂದಿನ ವರ್ಷ ಅದೇ ಟೈರಿಗೆ ಫೇಲ್. ಅವತ್ತೇ ಸಂಜೆ ಪಾಸ್. ಅದರ ಮುಂದಿನ ವರ್ಷ ಹಿಂದಿನ ಬ್ರೇಕ್ ಪ್ಯಾಡ್ ಅಡ್ವೈಸರಿ, ಮತ್ತೊಂದು ವರ್ಷಕ್ಕೆ ಅದೇ ಪ್ಯಾಡಿಗೆ ಫೇಲ್. ಇಲ್ಲಿ ಒಂದೂ ದೊಡ್ಡ ದೋಷ ಇಲ್ಲ. ಆದರೆ ಈ ಮನುಷ್ಯ ಕಾನೂನು ಕುತ್ತಿಗೆ ಹಿಡಿಯುವ ತನಕ ಕಾರಿಗೆ ಕಾಸು ಬಿಚ್ಚಿಲ್ಲ. ಎಂಜಿನ್ ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಿದ್ದಾನು ಅಂತ ನಂಬೋಕೆ ಆಗುತ್ತಾ? ನಾನು ಇಂಥ ಕಾರು ಬಿಟ್ಟುಬಿಡುತ್ತೇನೆ. ಅಂದಹಾಗೆ, ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆಯದು, ನಮ್ಮ ಎಡಗಡೆ. ಆಫ್‌ಸೈಡ್ ಅಂದರೆ ಡ್ರೈವರ್ ಕಡೆ.

ಇನ್ನೊಂದು ದಾಖಲೆಯಲ್ಲಿ ಎರಡು ಸಲ ಫೇಲ್ ಇದೆ: ಒಮ್ಮೆ ಸ್ಪ್ರಿಂಗ್ ತುಂಡಾಗಿ, ಒಮ್ಮೆ ನಂಬರ್ ಪ್ಲೇಟ್ ಲೈಟಿಗೆ. ಆದರೆ ಒಂದು ವರ್ಷದ ಅಡ್ವೈಸರಿ ಮುಂದಿನ ವರ್ಷಕ್ಕೆ ಕಾಣುವುದಿಲ್ಲ. ಹೇಳಿದ್ದನ್ನೆಲ್ಲ ಮಾಡಿಸಿದ್ದಾರೆ. ಫೇಲ್ ಇದ್ದರೂ ಈ ಕಾರನ್ನು ನೋಡಲು ನಾನು ಹೋಗುತ್ತೇನೆ.

ಹದಿನೆಂಟು ವರ್ಷದ ಕಾರಿಗೆ ಒಂದೂ ಅಡ್ವೈಸರಿ ಇಲ್ಲದೆ ಸತತವಾಗಿ ಪಾಸ್ ಬಂದಿದ್ದರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಮಂಗಳೂರು, ಕಾರವಾರದ ಕಡೆ ಉಪ್ಪು ಗಾಳಿಗೆ ಕಬ್ಬಿಣ ಏನಾಗುತ್ತೆ ಅಂತ ನೋಡಿದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಅದೇ ಉಪ್ಪು ನೀರಿನ ಜೊತೆ ಕಾರಿನ ಹೊಟ್ಟೆಗೇ ಎರಚುತ್ತದೆ. ಅಷ್ಟು ವರ್ಷ ಓಡಿದ ಕಾರಿನ ಅಡಿಯಲ್ಲಿ ಟೆಸ್ಟರಿಗೆ ಏನೂ ಕಾಣಲಿಲ್ಲ ಅಂದರೆ, ಕಾರನ್ನು ಅಪರೂಪ ಅನ್ನುವಷ್ಟು ಚೆನ್ನಾಗಿ ನೋಡಿಕೊಂಡಿರಬೇಕು, ಇಲ್ಲವೇ ಟೆಸ್ಟರ್ ಸರಿಯಾಗಿ ನೋಡಿರಲಿಕ್ಕಿಲ್ಲ.

ಮೈಲಿಯ ಸಾಲನ್ನೂ ಓದಿ. ಇದ್ದಕ್ಕಿದ್ದಂತೆ ಕಡಿಮೆಯಾಗಿದ್ದರೆ ಮೀಟರ್ ತಿರುಗಿಸಿರಬಹುದು. ವರ್ಷಕ್ಕೆ ಮುನ್ನೂರು ನಾನೂರು ಮೈಲಿ ಮಾತ್ರ ಓಡಿದ್ದರೆ "ಕಡಿಮೆ ಓಡಿದೆ" ಅಂತ ಹಿಗ್ಗಬೇಡಿ. ನಿಂತ ಕಾರಿನಲ್ಲಿ ಬ್ರೇಕ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಿಡಿದುಕೊಳ್ಳುತ್ತದೆ, ಡಿಸ್ಕ್ ತುಕ್ಕು ತಿನ್ನುತ್ತದೆ, ಟೈರಿನ ಪಕ್ಕ ಬಿರುಕು ಬಿಡುತ್ತದೆ. ಮಧ್ಯೆ ಎರಡು ವರ್ಷ ಪರೀಕ್ಷೆಯೇ ಇಲ್ಲದಿದ್ದರೆ ಯಾಕೆ ಅಂತ ನೇರವಾಗಿ ಕೇಳಿ.

ನನ್ನ ಮೊದಲ ಕಾರಿನ ಸಿಲ್

ಇಷ್ಟೆಲ್ಲ ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ. ಇಲ್ಲಿ ನಾನು ಕೊಂಡ ಮೊದಲ ಕಾರು ಎರಡು ಸೀಟಿನ ಒಂದು ಓಪನ್ ಕಾರು. ಮಾರಿದವರು ತುಂಬ ಒಳ್ಳೆಯ ಮಾತಿನವರು. ಹೊಸ ಎಂಒಟಿ, ಒಂದೂ ಅಡ್ವೈಸರಿ ಇಲ್ಲ. ಅಡಿಗೆ ಹೊಸದಾಗಿ ಕಪ್ಪು ಅಂಡರ್‌ಸೀಲ್ ಬಳಿದಿತ್ತು. "ತುಕ್ಕು ಬಾರದ ಹಾಗೆ ಮಾಡಿಸಿದ್ದೀನಿ" ಅಂದರು, ನಂಬಿದೆ.

ಮರು ವರ್ಷ ಪರೀಕ್ಷೆಗೆ ಕೊಟ್ಟಾಗ ಟೆಸ್ಟರ್ ನನ್ನನ್ನು ಒಳಗೆ ಕರೆದರು. ಕಾರು ಲಿಫ್ಟ್ ಮೇಲಿತ್ತು. ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಂಥದ್ದು. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಸಿಲ್ ಅನ್ನುತ್ತಾರೆ, ಅದನ್ನು ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋದರು. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಶಬ್ದ ಬದಲಾಯಿತು. ಒದ್ದೆ ರಟ್ಟು ತಟ್ಟಿದ ಹಾಗೆ. ಇನ್ನೊಂದು ಸಲ ತಟ್ಟಿದರು. ಕಪ್ಪು ಬಣ್ಣದ ಒಂದು ಚಕ್ಕೆ ಕಳಚಿ, ಹಿಂದೆಯೇ ಕೆಂಪು ಪುಡಿ ಉದುರಿತು. ಅಂಗೈ ಅಗಲದ ತೂತು. ಅವರು ಒಂದೂ ಮಾತಾಡಲಿಲ್ಲ, ಟಾರ್ಚ್ ನನ್ನ ಕೈಗೆ ಕೊಟ್ಟರು.

ಹಿಂದಿನ ದಾಖಲೆ ಆಗಲೇ ಓದಿದ್ದರೆ ಗೊತ್ತಾಗುತ್ತಿತ್ತು. ನಾನು ಕೊಳ್ಳುವ ಮುಂಚಿನ ಎರಡು ವರ್ಷ "ಸಿಲ್ ತುಕ್ಕು ಹಿಡಿದಿದೆ" ಅಂತ ಅಡ್ವೈಸರಿ ಇತ್ತು. ಮೂರನೇ ವರ್ಷ ಮಾಯ. ನಡುವೆ ವೆಲ್ಡಿಂಗ್ ಮಾಡಿಸಿದ ಬಿಲ್ಲಿಲ್ಲ, ಬಣ್ಣ ಮಾತ್ರ ಇದೆ. ತುಕ್ಕಿನ ಅಡ್ವೈಸರಿ ಸುಮ್ನೆ ಮಾಯವಾಗುವುದಿಲ್ಲ. ವೆಲ್ಡಿಂಗ್ ಬಿಲ್ಲೋ ಫೋಟೋವೋ ಇರಲೇಬೇಕು. ಇಲ್ಲದಿದ್ದರೆ ಮುಚ್ಚಿಟ್ಟಿದ್ದಾರೆ ಅಂತಲೇ ನಾನು ಲೆಕ್ಕ ಹಾಕುವುದು.

ನಿಯಮವೂ ತಿಳಿದಿರಲಿ. ಸಸ್ಪೆನ್ಶನ್, ಸ್ಟೀರಿಂಗ್, ಬ್ರೇಕ್, ಸೀಟ್ ಬೆಲ್ಟ್ ಬಾಡಿಗೆ ಕಚ್ಚಿಕೊಳ್ಳುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ಶಕ್ತಿ ಕಳೆದುಕೊಳ್ಳುವಷ್ಟು ತುಕ್ಕು ಹಿಡಿದಿದ್ದರೆ ಫೇಲ್. ಫಿಲ್ಲರ್ ಮೆತ್ತಿದರೆ ನಡೆಯುವುದಿಲ್ಲ. ಹೊರಗೆ ಕಾಣುವ ಫೆಂಡರಿನ ತುಕ್ಕಿಗೆ ಸಾಮಾನ್ಯವಾಗಿ ಫೇಲ್ ಮಾಡುವುದಿಲ್ಲ, ಚೂಪಾಗಿ ಎದ್ದು ಗಾಯ ಮಾಡುವಂತಿದ್ದರೆ ಬೇರೆ ಮಾತು. ಕಣ್ಣಿಗೆ ಕೆಟ್ಟದಾಗಿ ಕಾಣುವ ತುಕ್ಕು ಮತ್ತು ನಿಜವಾಗಿ ಕೆಟ್ಟ ತುಕ್ಕು ಎರಡೂ ಬೇರೆ. ಈಗ ಕಾರುಗಳಿಗೆ ಬರೋಣ.

ಮಾಜ್ದಾ ಎಂಎಕ್ಸ್-5

ಇವನ್ನು ಓಡಿಸಿದರೆ ಬಿಡಲು ಮನಸ್ಸಾಗುವುದಿಲ್ಲ. ಹಗುರ, ಸರಳ, ಹಿಂದಿನ ಚಕ್ರದಿಂದ ಓಡುವ ಗಾಡಿ. ಸಾಮಾನು ಅಗ್ಗ, ಎಂಜಿನ್ ಗಟ್ಟಿ. ಎಂಒಟಿಯಲ್ಲಿ ಇದರ ಶತ್ರು ಒಂದೇ, ತುಕ್ಕು.

ಎರಡನೇ ತಲೆಮಾರು, ಎನ್‌ಬಿ ಅಂತ ಕರೆಯುವುದು, 1998ರಿಂದ 2005. ಸಿಲ್, ಹಿಂದಿನ ಚಕ್ರದ ಕಮಾನು, ಮುಂದಿನ ಚಾಸಿ ರೈಲು (ಅಡಿಯಲ್ಲಿ ಉದ್ದಕ್ಕೆ ಹೋಗುವ ತೊಲೆಯಂಥ ಭಾಗ), ಮೂರೂ ಕಡೆ ತಿನ್ನುತ್ತದೆ. ಸಿಲ್ ಒಳಗಿನಿಂದ ಕೊಳೆಯುತ್ತದೆ. ಸೀಟಿನ ಹಿಂದೆ, ಮಡಚುವ ಟಾಪಿನ ನೀರು ಇಳಿದು ಹೋಗಲು ಸಣ್ಣ ತೂಬುಗಳಿವೆ. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಹೊರಗೆ ಹೋಗದೆ ಸಿಲ್‌ನ ಒಳಗೆ ನಿಲ್ಲುತ್ತದೆ. ಹೊರಗಿನ ಬಣ್ಣದಲ್ಲಿ ಗುಳ್ಳೆ ಏಳುವ ಹೊತ್ತಿಗೆ ಒಳಗೆ ತಗಡು ಮುಗಿದಿರುತ್ತದೆ. ಚಾಸಿ ರೈಲು ಇನ್ನೂ ಗಂಭೀರ, ಯಾಕೆಂದರೆ ಮುಂದಿನ ಸಸ್ಪೆನ್ಶನ್ ಇರುವುದೇ ಅದರ ಆಸುಪಾಸಿನಲ್ಲಿ. ವೆಲ್ಡಿಂಗ್ ಬಿಲ್ ಇಲ್ಲದ ಎನ್‌ಬಿ ನನಗೆ ಬೇಡ.

ಮೂರನೇ ತಲೆಮಾರು, ಎನ್‌ಸಿ, 2005ರಿಂದ 2015. 1.8 ಮತ್ತು 2.0 ಲೀಟರ್ ಎಂಜಿನ್. ತುಕ್ಕಿನಲ್ಲಿ ಎನ್‌ಬಿಗಿಂತ ಎಷ್ಟೋ ವಾಸಿ, ಆದರೆ ಈಗ ಅವಕ್ಕೂ ವಯಸ್ಸಾಯಿತು. ಹಿಂದಿನ ಕಮಾನು, ಸಸ್ಪೆನ್ಶನ್ ಹೊರುವ ಅಡಿಯ ಚೌಕಟ್ಟು, ಅಂದರೆ ಸಬ್‌ಫ್ರೇಮ್, ನೋಡಲೇಬೇಕು. ಕಡಿಮೆ ಓಡಿದ ಗಾಡಿಗಳಲ್ಲಿ ಹಿಂದಿನ ಕ್ಯಾಲಿಪರ್ ಹಿಡಿದುಕೊಂಡು ಹ್ಯಾಂಡ್‌ಬ್ರೇಕ್ ಎರಡು ಕಡೆ ಸಮ ಬರುವುದಿಲ್ಲ. ಅದು ಸುಲಭ ರಿಪೇರಿ. ಗೆಳೆಯನಿಗೆ ಹೇಳಿದೆ: ಎಂಎಕ್ಸ್-5 ಬೇಕಾದರೆ ಎನ್‌ಸಿಯೇ ಸರಿ, ಅದೂ ಕೊನೆಯ ವರ್ಷಗಳದ್ದು.

ಗಾಲ್ಫ್ ಜಿಟಿಐ, ಐದನೇ ತಲೆಮಾರು

2004ರ ಕೊನೆಯಿಂದ 2008ರ ತನಕ ಬಂದದ್ದು. ಎರಡು ಲೀಟರ್ ಟರ್ಬೊ, 200 ಕುದುರೆ ಶಕ್ತಿ. ಮುಂದಿನ ಫೆಂಡರ್ ಒಳಗೆ ಒಂದು ಫೋಮ್ ತುಂಡು ಇರುತ್ತದೆ. ಅದು ನೀರು ಹೀರಿಕೊಂಡು ಫೆಂಡರಿನ ಅಂಚು ತುಕ್ಕು ಹಿಡಿಯುತ್ತದೆ. ನೋಡಿದವರು ಹೆದರಿ ಬಿಟ್ಟುಹೋಗುತ್ತಾರೆ. ಆದರೆ ಫೆಂಡರ್ ಬೋಲ್ಟಿನಲ್ಲಿ ಕೂರುವ ಭಾಗ, ಬಿಚ್ಚಿ ಬೇರೆ ಹಾಕಬಹುದು. ಇದನ್ನು ತೋರಿಸಿ ಬೆಲೆ ಇಳಿಸಿ, ಅಷ್ಟೇ.

ದಾಖಲೆಯಲ್ಲಿ ಸಾಮಾನ್ಯವಾಗಿ ಕಾಣುವುದು ತುಂಡಾದ ಕಾಯಿಲ್ ಸ್ಪ್ರಿಂಗ್, ಮುಂದಿನ ಆರ್ಮ್‌ನ ಬುಶ್, ಬ್ರೇಕು. ಎಲ್ಲ ಸಿಗುವ ಸಾಮಾನು, ಯಾವ ಗ್ಯಾರೇಜಿನಲ್ಲೂ ಮಾಡುತ್ತಾರೆ. ಹಾಗಾಗಿ ಎಂಒಟಿಯ ಮಟ್ಟಿಗೆ ಇದರದು ಹಗುರ ತಲೆನೋವು.

ಆದರೆ ಎಂಒಟಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಒಳಗೆ ನೋಡುವುದಿಲ್ಲ. ಈ ಎಂಜಿನ್‌ನಲ್ಲಿ ಪೆಟ್ರೋಲ್ ಪಂಪನ್ನು ಕ್ಯಾಮ್‌ಶಾಫ್ಟ್ ಒತ್ತುವ ಜಾಗದಲ್ಲಿ ಕ್ಯಾಮ್ ಫಾಲೋವರ್ ಅನ್ನುವ ಸಣ್ಣ ಬಟ್ಟಲಿನಂಥ ತುಂಡು ಇದೆ. ಅದು ಸವೆದು ತೂತಾದರೆ ಕ್ಯಾಮ್‌ಶಾಫ್ಟೇ ಹಾಳು. ತುಂಡು ಅಗ್ಗ, ನೋಡುವುದೂ ಸುಲಭ, ಹತ್ತು ಪರೀಕ್ಷೆ ಪಾಸಾದರೂ ಟೆಸ್ಟರಿಗೆ ಕಾಣುವುದಿಲ್ಲ. ಯಾವಾಗ ನೋಡಿಸಿದಿರಿ ಅಂತ ಕೇಳಿ. ಪ್ರಶ್ನೆ ಅರ್ಥವಾಗದ ಮಾಲೀಕನಾದರೆ ಯೋಚಿಸಿ.

ಇನ್ನೊಂದು, ಇವುಗಳಲ್ಲಿ ರೀಮ್ಯಾಪ್ ಮಾಡಿಸಿದವು, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್‌ನ ಸಾಫ್ಟ್‌ವೇರ್ ಬದಲಿಸಿದವು, ಜಾಸ್ತಿ. ಎಕ್ಸಾಸ್ಟಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಿದ್ದರೆ ಫೇಲ್. ಎಂಜಿನ್ ವಾರ್ನಿಂಗ್ ಲೈಟ್ ಉರಿಯುತ್ತಿದ್ದರೂ 2018ರಿಂದ ಈಚೆಗೆ ಫೇಲ್. ಪರೀಕ್ಷೆಗೆ ಮಾತ್ರ ಹಳೇ ಎಕ್ಸಾಸ್ಟ್ ಹಾಕಿ, ಆಮೇಲೆ ಬದಲಿಸುವವರಿದ್ದಾರೆ. ನೋಡಲು ಹೋದಾಗ ಬಗ್ಗಿ ನೋಡಿ. ಬೋಲ್ಟುಗಳು ಹೊಸದಾಗಿ ಹೊಳೆಯುತ್ತಿದ್ದರೆ ಕಾರಣ ಕೇಳಿ.

ಸಿವಿಕ್ ಟೈಪ್ ಆರ್, ಎಫ್‌ಎನ್2

ಇದರ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಹೆಚ್ಚುಗಾರಿಕೆ. ಎಫ್‌ಎನ್2 ಅಂತ ಕರೆಯುವ ಈ ತಲೆಮಾರು 2007ರಲ್ಲಿ ಶುರುವಾದದ್ದು, ಇಂಗ್ಲೆಂಡಿನ ಸ್ವಿಂಡನ್ ಕಾರ್ಖಾನೆಯಲ್ಲೇ ಕಟ್ಟಿದ್ದು. ಟರ್ಬೊ ಇಲ್ಲದ ಎರಡು ಲೀಟರ್ ಎಂಜಿನ್, 201 ಕುದುರೆ ಶಕ್ತಿ, ಅದೂ 8,000ದ ಹತ್ತಿರ ಆರ್‌ಪಿಎಂ ಏರಿಸಿದಾಗ. ಆಯಿಲ್ ಮಟ್ಟ ನೋಡಿಕೊಂಡರೆ ಹೊಗೆ ಪರೀಕ್ಷೆಯಲ್ಲಿ ಕಾಟ ಕೊಡುವ ಎಂಜಿನ್ ಅಲ್ಲ. ಮುಂದಿನ ಬುಶ್, ಡ್ರಾಪ್ ಲಿಂಕ್, ಟೈರು, ಬ್ರೇಕು, ದಾಖಲೆಯಲ್ಲಿ ಕಾಣುವುದು ಇಂಥ ವಯಸ್ಸಿನ ಸವೆತಗಳೇ. ಎಂಒಟಿ ಹೇಳದ ಒಂದೇ ಮಾತು ಗೇರ್‌ಬಾಕ್ಸ್. ಮೂರನೇ ಗೇರಿನಲ್ಲಿ ಜೋರಾಗಿ ಎಳೆದು, ತಟ್ಟನೆ ಕಾಲು ತೆಗೆಯಿರಿ. ಗೇರ್ ಹೊರಗೆ ಎಗರಿದರೆ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ.

ಪೋರ್ಷೆ ಬಾಕ್ಸ್‌ಸ್ಟರ್ 987

ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಕೊಳ್ಳುವ ಬೆಲೆ ನೋಡಿ ಮನಸ್ಸು ಸೋಲುವುದು ಇದಕ್ಕೇ. ಹೊಸದಿದ್ದಾಗಿನ ಬೆಲೆಯ ಸಣ್ಣ ಪಾಲಿಗೆ ಈಗ ಸಿಗುತ್ತದೆ. ಸಾಮಾನಿನ ಬೆಲೆ, ಕೆಲಸದ ಕೂಲಿ ಮಾತ್ರ ಇಳಿದಿಲ್ಲ.

987 ಅಂತ ಕರೆಯುವ ಈ ತಲೆಮಾರು 2004ರ ಕೊನೆಯಿಂದ 2012. ಎಂಜಿನ್ ಸೀಟಿನ ಹಿಂದೆ, ಕಾರಿನ ನಡುವೆ. ಬಾಡಿ ತುಂಬ ಗಟ್ಟಿ, ಎಂಎಕ್ಸ್-5ನ ಥರ ಸಿಲ್ ಕೊಳೆಯುವ ಕಾರಲ್ಲ. ಎಂಒಟಿಯಲ್ಲಿ ಇದು ಸಿಕ್ಕಿಬೀಳುವುದು ಬೇರೆ ಕಡೆ. ಕಾಯಿಲ್ ಸ್ಪ್ರಿಂಗ್‌ನ ತುದಿ ತುಂಡಾಗುವುದು ಸಾಮಾನ್ಯ. ಕೆಳಗಿನ ಸಸ್ಪೆನ್ಶನ್ ಆರ್ಮ್‌ಗಳು ಶವಪೆಟ್ಟಿಗೆಯ ಆಕಾರದಲ್ಲಿವೆ, ಹಾಗಾಗಿ ಇಲ್ಲಿಯವರು ಕಾಫಿನ್ ಆರ್ಮ್ ಅನ್ನುತ್ತಾರೆ. ಅವುಗಳ ರಬ್ಬರ್ ಸವೆದರೆ ನಿಧಾನಕ್ಕೆ ಹಂಪ್ ದಾಟುವಾಗ ಕಿರ್ ಅನ್ನುತ್ತದೆ. ಬ್ರೇಕ್ ಡಿಸ್ಕ್‌ನ ಹೊರಮುಖ ಹೊಳೆಯುತ್ತಿದ್ದರೂ ಒಳಮುಖ ತುಕ್ಕು ತಿಂದಿರುತ್ತದೆ. ಹಿಂದಿನ ಟೈರಿನ ಒಳ ಅಂಚು ಮೊದಲು ಸವೆಯುತ್ತದೆ. ಕಾನೂನಿನ ಪ್ರಕಾರ ಟೈರಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ 1.6 ಮಿಲಿಮೀಟರ್ ಆಳ ಇರಬೇಕು. ಫೋಟೋದಲ್ಲಿ ಒಳ ಅಂಚು ಯಾರೂ ತೋರಿಸುವುದಿಲ್ಲ.

ನಾನು ಮೊದಲು ಹುಡುಕುವುದು ಮಾತ್ರ ಬ್ರೇಕ್ ಪೈಪ್. ಅಡಿಯಲ್ಲಿ ಹಾಯುವ ಲೋಹದ ಪೈಪು ತುಕ್ಕು ಹಿಡಿದು ಅದರ ಗೋಡೆ ಮೂರನೇ ಒಂದು ಭಾಗ ಸವೆದರೆ ಫೇಲ್. ಬೇರೆ ಕಾರಿನಲ್ಲಿ ಅದು ಸಣ್ಣ ಕೆಲಸ. ಇಲ್ಲಿ ಕೆಲವು ಪೈಪುಗಳು ಕೈ ಹೋಗದ ಜಾಗದಲ್ಲಿ ಹಾಯುತ್ತವೆ, ಪೈಪಿಗಿಂತ ಕೂಲಿಯೇ ಎಷ್ಟೋ ಪಟ್ಟು ಆಗುತ್ತದೆ. "ಬ್ರೇಕ್ ಪೈಪ್ ತುಕ್ಕು" ಅಂತ ಎರಡು ವರ್ಷದಿಂದ ಅಡ್ವೈಸರಿ ಇದೆ, ಈಗ ಕಾರು ಮಾರಾಟಕ್ಕಿದೆ ಅಂದರೆ ಆ ಬಿಲ್ಲನ್ನು ನಿಮ್ಮ ಮೇಲೆ ಹಾಕಲು ನೋಡುತ್ತಿದ್ದಾರೆ ಅಂತ ಅರ್ಥ. ಬದಲಿಸಿದ ಬಿಲ್ ಇದ್ದರೆ ಆ ಕಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಎಂಒಟಿಗೆ ಕಾಣದ್ದು ಇದರಲ್ಲೂ ಇದೆ. 2008ರ ತನಕದ ಎಂಜಿನ್‌ಗಳಲ್ಲಿ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಒಂದು ನಡು ದಂಡವನ್ನು ಹಿಡಿಯುವ ಬೇರಿಂಗ್) ಮತ್ತು ಸಿಲಿಂಡರ್ ಗೀರುವ ತೊಂದರೆಗಳ ಮಾತಿದೆ. 2009ರಿಂದ ಬಂದ 2.9 ಮತ್ತು 3.4 ಲೀಟರ್ ಹೊಸ ಎಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಅದನ್ನೇ ತಗೊಳ್ಳಿ. ರಸ್ತೆ ತೆರಿಗೆಯನ್ನೂ ನಂಬರ್ ಹಾಕಿ ನೋಡಿಬಿಡಿ. ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಜಾಸ್ತಿ ಇರುವ ಕಾರುಗಳಲ್ಲಿ, 2006ರ ಮಾರ್ಚ್ 23ರ ನಂತರ ನೋಂದಣಿ ಆದವುಗಳಿಗೆ ತೆರಿಗೆ ಎದ್ದು ಕಾಣುವಷ್ಟು ಹೆಚ್ಚು.

ಹಾಗಾದರೆ ಯಾವುದು?

ದಿನಾ ಕೆಲಸಕ್ಕೆ ಹೋಗಬೇಕು, ಹಿಂದೆ ಮಕ್ಕಳು ಕೂರಬೇಕು, ವರ್ಷಕ್ಕೊಮ್ಮೆ ಎದೆ ಡವಡವ ಅನ್ನಬಾರದು ಅಂದರೆ ಸಿವಿಕ್. ಮೃದುವಾದ ಸವಾರಿ ಬೇಕು, ಎಂಜಿನ್ ಕಡೆ ಗಮನ ಕೊಡುವ ಶ್ರದ್ಧೆ ಇದೆ ಅಂದರೆ ಗಾಲ್ಫ್. ಮನೆಯಲ್ಲಿ ಇನ್ನೊಂದು ಕಾರಿದೆ, ಭಾನುವಾರದ ಖುಷಿಗೆ ಬೇಕು ಅಂದರೆ ಎನ್‌ಸಿ ಎಂಎಕ್ಸ್-5. ಬಾಕ್ಸ್‌ಸ್ಟರ್ ಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ಕಾರಿನ ಬೆಲೆಯ ಪಕ್ಕದಲ್ಲಿ ಮೊದಲ ವರ್ಷದ ರಿಪೇರಿಗೆ ಒಂದು ಗಂಟು ತೆಗೆದಿಟ್ಟೇ ಹೋಗಿ.

ಯಾವುದನ್ನು ಆರಿಸಿದರೂ ಮುಂಗಡ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಮಾರುವವರನ್ನು ಕೇಳಿ ಒಂದು ಹೊಸ ಎಂಒಟಿ ನೀವೇ ದುಡ್ಡು ಕೊಟ್ಟು ಮಾಡಿಸಿ. ಎಷ್ಟೋ ಊರುಗಳಲ್ಲಿ ಕೌನ್ಸಿಲ್ ನಡೆಸುವ ಪರೀಕ್ಷಾ ಕೇಂದ್ರಗಳಿವೆ, ಸಾರ್ವಜನಿಕರಿಗೂ ಮಾಡಿಕೊಡುತ್ತಾರೆ. ಅವರು ಸಾಮಾನ್ಯವಾಗಿ ಹೊರಗಿನವರ ಕಾರು ರಿಪೇರಿ ಮಾಡುವುದಿಲ್ಲ. ಇಲ್ಲದ ದೋಷ ಹುಡುಕಿದರೂ, ಇರುವ ದೋಷ ಮುಚ್ಚಿಟ್ಟರೂ ಅವರಿಗೆ ಲಾಭವಿಲ್ಲ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಕೈಮುಗಿದು ಬನ್ನಿ.

ಗೆಳೆಯನ ಪಟ್ಟಿಯಲ್ಲಿ ಉಳಿದ ಎರಡರಲ್ಲಿ ಒಂದಕ್ಕೆ ಮಾಲೀಕರು ಫೋಟೋ ಸಮೇತ ಬಿಲ್ಲುಗಳ ಫೈಲ್ ಇಟ್ಟಿದ್ದಾರಂತೆ. ಕೌನ್ಸಿಲ್ ಕೇಂದ್ರದಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಮಯ ಸಿಕ್ಕಿದೆ. ಟಾರ್ಚ್ ತಗೊಂಡು ನಾನೂ ಹೋಗುತ್ತಿದ್ದೇನೆ.